ಕಚೇರಿಯ ಕಂಪ್ಯೂಟರ್, ತಂತ್ರಾಂಶಗಳ ಲೆಕ್ಕವನ್ನು ಜನರ ಮುಂದಿಡುವುದು ಹೇಗೆ: ಕೊಡಗಿನ ಕಚೇರಿಗಳಿಗೆ ಸಮಗ್ರ ಮಾರ್ಗದರ್ಶಿ

ಗ್ರಾಮ ಪಂಚಾಯಿತಿ, ಸರ್ಕಾರಿ ಶಾಲೆ, ನಾಡಕಚೇರಿಗಳಲ್ಲಿ ಎಷ್ಟು ಕಂಪ್ಯೂಟರ್‌ಗಳಿವೆ, ಎಷ್ಟು ಓಡುತ್ತಿವೆ, ಯಾವ ತಂತ್ರಾಂಶಕ್ಕೆ ಎಷ್ಟು ಹಣ ಹೋಗಿದೆ ಎಂಬ ಪಟ್ಟಿಯನ್ನು ಪ್ರಕಟಿಸಲು ಹೊರಟವರು ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಕೆಲವರು ದಾಸ್ತಾನು ವಹಿಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸುತ್ತಾರೆ. ಕೆಲವರು ವಹಿಯಲ್ಲಿದ್ದುದನ್ನು ಇದ್ದ ಹಾಗೆಯೇ ಎಕ್ಸೆಲ್ ಹಾಳೆಗೆ ಇಳಿಸುತ್ತಾರೆ. ಮೊದಲಿನದನ್ನು ಯಾರೂ ಕೂಡಿ ಕಳೆಯಲಾರರು. ಎರಡನೆಯದರಲ್ಲಿ ಎಂದೋ ಕೆಟ್ಟು ಬೀರುವಿನ ಮೇಲೆ ಕೂತ ಯಂತ್ರವೂ ‘ಬಳಕೆಯಲ್ಲಿದೆ’ ಎಂದೇ ದಾಖಲಾಗಿರುತ್ತದೆ.

ಕೆಲಸದ ಕ್ರಮ ತಲೆಕೆಳಗಾದದ್ದೇ ಇದಕ್ಕೆಲ್ಲ ಕಾರಣ. ಮೊದಲು ಕೋಣೆ, ನಂತರ ವಹಿ, ನಂತರ ಹಾಳೆ, ಆಮೇಲೆ ಜರಡಿ, ಕೊನೆಗೆ ಜಾಲತಾಣ. ಈ ಸಾಲನ್ನು ಮುರಿದವರು ಎರಡನೆಯ ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹಂತ 1: ಅಧಿಕಾರ ಮತ್ತು ಹೊಣೆಯನ್ನು ಕಡತದಲ್ಲಿ ದಾಖಲಿಸಿ

ಹಾಳೆ ತೆರೆಯುವ ಮುನ್ನ ಕಡತ ತೆರೆಯಿರಿ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಬಿ) ಅಡಿಯಲ್ಲಿ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅದರಲ್ಲಿ ಆಯವ್ಯಯ ಮತ್ತು ವೆಚ್ಚದ ವಿವರವೂ ಸೇರಿದೆ, ವಿದ್ಯುನ್ಮಾನ ರೂಪದಲ್ಲಿರುವ ಮಾಹಿತಿಯ ವಿವರವೂ ಸೇರಿದೆ. ಟಿಪ್ಪಣಿಯಲ್ಲಿ ಈ ಕಲಮನ್ನು ಉಲ್ಲೇಖಿಸಿ ಕಚೇರಿ ಮುಖ್ಯಸ್ಥರ ಅನುಮೋದನೆ ಪಡೆಯಿರಿ. ಪಂಚಾಯಿತಿಯಾದರೆ ಪಿಡಿಒ, ಶಾಲೆಯಾದರೆ ಮುಖ್ಯ ಶಿಕ್ಷಕರು, ತಾಲ್ಲೂಕು ಕಚೇರಿಯಾದರೆ ತಹಶೀಲ್ದಾರರು ಸಹಿ ಹಾಕುತ್ತಾರೆ.

ಟಿಪ್ಪಣಿಯಲ್ಲಿ ಮೂರು ಹುದ್ದೆಗಳ ಉಲ್ಲೇಖ ಇರಲೇಬೇಕು: ಪರಿಶೀಲಿಸುವವರು, ಹಾಳೆ ತುಂಬುವವರು, ಪ್ರಕಟಣೆಗೆ ಒಪ್ಪಿಗೆ ಕೊಡುವವರು. ಹೆಸರು ಬೇಡ, ಹುದ್ದೆ ಸಾಕು. ಜನ ವರ್ಗಾವಣೆಯಾಗಿ ಹೋಗುತ್ತಾರೆ. ತುಂಬುವವರೂ ಒಪ್ಪುವವರೂ ಒಬ್ಬರೇ ಆಗದಂತೆ ನೋಡಿಕೊಳ್ಳಿ. ಇಬ್ಬರೇ ಸಿಬ್ಬಂದಿ ಇರುವ ಕಚೇರಿಯಲ್ಲಿ ಇದು ಕಷ್ಟ ಎನ್ನುವುದು ನಿಜ. ಆಗ ಪಕ್ಕದ ಪಂಚಾಯಿತಿಯವರೊಂದಿಗೆ ಹಾಳೆಗಳನ್ನು ಅದಲು ಬದಲು ಮಾಡಿ ಪರಿಶೀಲಿಸಬಹುದು.

ಎಚ್ಚರಿಕೆಯ ಗುರುತು: ‘ಮೌಖಿಕ ಸೂಚನೆಯಂತೆ’ ಎಂಬ ಮಾತು ಕಡತದಲ್ಲಿ ಕಂಡರೆ ಅಲ್ಲೇ ನಿಲ್ಲಿ. ಮುಂದೆ ಯಾರಾದರೂ ತಕರಾರು ಎತ್ತಿದಾಗ ಆ ಸೂಚನೆ ಕೊಟ್ಟವರು ಸಿಗುವುದಿಲ್ಲ.

ಹಂತ 2: ಕಾಲ ನೋಡಿಕೊಂಡು ಕೋಣೆ ಕೋಣೆ ತಿರುಗಿ

ಕೊಡಗಿನಲ್ಲಿ ಇದಕ್ಕೆ ಸರಿಯಾದ ಕಾಲ ಉಂಟು. ಮಾರ್ಚ್ ತಿಂಗಳು ಬೇಡ. ಆರ್ಥಿಕ ವರ್ಷದ ಕೊನೆಯ ಬಿಲ್ಲುಗಳ ನಡುವೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಜೂನ್ ನಂತರ ಬೇಡ. ವಿದ್ಯುತ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಯಂತ್ರ ಓಡುತ್ತದೆಯೇ ಇಲ್ಲವೇ ಎಂದು ನೋಡಲೂ ಆಗದು. ಪಂಚಾಯಿತಿ ಮತ್ತು ನಾಡಕಚೇರಿಗಳಿಗೆ ಏಪ್ರಿಲ್, ಮೇ ಹೊಂದುತ್ತದೆ. ಶಾಲೆಗಳಿಗೆ ಅದೇ ತಿಂಗಳುಗಳು ಹೊಂದುವುದಿಲ್ಲ, ಬೇಸಿಗೆ ರಜೆಯಲ್ಲಿ ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದು ಹುಡುಕುವುದರಲ್ಲೇ ದಿನ ಕಳೆದೀತು. ಅವುಗಳನ್ನು ಫೆಬ್ರುವರಿಯಲ್ಲೇ ಮುಗಿಸಿ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಮುದ್ರಿಸಿದ ಖಾಲಿ ನಮೂನೆ, ಪೆನ್ನು, ಟಾರ್ಚ್, ಸುಲಭಕ್ಕೆ ಕಿತ್ತು ಬರದ ಅಂಟುಚೀಟಿ, ಚೀಟಿಯ ಮೇಲೆ ಬರೆಯಲು ಅಳಿಸದ ಶಾಯಿ. ತೇವಕ್ಕೆ ಕಾಗದದ ಚೀಟಿ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಟಿಯೇ ಆಗಬೇಕು. ಅದನ್ನು ಗಾಳಿ ಹೋಗುವ ಕಿಂಡಿಯ ಮೇಲೆ ಅಂಟಿಸಬೇಡಿ.

ಪ್ರತಿ ಯಂತ್ರಕ್ಕೂ ಹೊಸ ಗುರುತು ಸಂಖ್ಯೆ ಕೊಡಿ, 001ರಿಂದ ಸಾಗಲಿ. ನಂತರ ಯಂತ್ರವನ್ನು ಚಾಲೂ ಮಾಡಿ ನೋಡಿ. ಇಲ್ಲಿ ಸೋಮಾರಿತನ ಕೂಡದು. ದೀಪ ಹತ್ತಿದರೆ ‘ಸುಸ್ಥಿತಿ’ ಎಂದು ಬರೆಯುವ ಅಭ್ಯಾಸ ಇದೆ, ಆದರೆ ದೀಪ ಹತ್ತಿ ಪರದೆ ಬಾರದ ಡೆಸ್ಕ್‌ಟಾಪ್‌ಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ವಿಂಡೋಸ್ ಯಂತ್ರವಾದರೆ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದು ಪ್ರೊಸೆಸರ್, ರ್‍ಯಾಮ್, ಕಾರ್ಯಾಚರಣಾ ವ್ಯವಸ್ಥೆ ಈ ಮೂರನ್ನು ಬರೆದುಕೊಳ್ಳಿ. ಪ್ರೊಸೆಸರ್ ಯಾವ ತಲೆಮಾರಿನದು ಎಂಬುದು ಮುಖ್ಯ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಯಂತ್ರಗಳು ವಿಂಡೋಸ್ 11ರ ಅಧಿಕೃತ ಅರ್ಹತೆಯೊಳಗೆ ಬರುವುದಿಲ್ಲ. ಅಂದರೆ ಈ ಒಂದು ಅಂಕಣ ನೋಡಿದರೆ ಮುಂದಿನ ವರ್ಷ ಎಷ್ಟು ಯಂತ್ರ ಬದಲಿಸಬೇಕು, ಎಷ್ಟಕ್ಕೆ ಲಿನಕ್ಸ್ ಹಾಕಿ ಓಡಿಸಬಹುದು ಎಂಬುದು ತಿಳಿಯುತ್ತದೆ.

ಯುಪಿಎಸ್‌ಗಳನ್ನು ಮರೆಯುವವರೇ ಹೆಚ್ಚು. ಭಾಗಮಂಡಲ, ನಾಪೋಕ್ಲು ಕಡೆಯ ಕಚೇರಿಯಲ್ಲಿ ಕಂಪ್ಯೂಟರ್ ಇದ್ದೂ ಬ್ಯಾಟರಿ ಸತ್ತಿದ್ದರೆ ಆಷಾಢದಲ್ಲಿ ಪಹಣಿ ಸಿಗದು. ಯುಪಿಎಸ್‌ಗೆ ಪ್ರತ್ಯೇಕ ಸಾಲು ಕೊಡಿ. ಬ್ಯಾಟರಿ ಬದಲಿಸಿದ ವರ್ಷಕ್ಕೂ ಒಂದು ಅಂಕಣ ಇರಲಿ.

ಹಂತ 3: ವಹಿ ಮತ್ತು ಬಿಲ್ಲುಗಳ ಜೊತೆ ತಾಳೆ ಹಾಕಿ

ಕಣ್ಣಾರೆ ಕಂಡ ಪಟ್ಟಿ ಕೈಗೆ ಬಂದ ಮೇಲೆ ಮಾತ್ರ ದಾಸ್ತಾನು ವಹಿ ತೆರೆಯಿರಿ. ಮೊದಲೇ ತೆರೆದರೆ ವಹಿ ಹೇಳಿದ್ದನ್ನೇ ಕಣ್ಣು ಹುಡುಕುತ್ತದೆ.

ತಾಳೆ ಹಾಕಿದಾಗ ಮೂರು ಗುಂಪು ಬರುತ್ತವೆ. ಎರಡರಲ್ಲೂ ಇರುವವು, ವಹಿಯಲ್ಲಿದ್ದು ಕೋಣೆಯಲ್ಲಿ ಇಲ್ಲದವು, ಕೋಣೆಯಲ್ಲಿದ್ದು ವಹಿಯಲ್ಲಿ ಇಲ್ಲದವು. ಎರಡನೆಯ ಗುಂಪು ಕಂಡ ಕೂಡಲೇ ‘ಕಳವು’ ಎಂದು ಬರೆಯಬೇಡಿ. ಚುನಾವಣೆ ಕೆಲಸಕ್ಕೆಂದು ತಾಲ್ಲೂಕು ಕಚೇರಿಗೆ ಹೋದ ಲ್ಯಾಪ್‌ಟಾಪ್ ಅಲ್ಲೇ ಉಳಿದಿರಬಹುದು. ರಿಪೇರಿಗೆಂದು ಮಡಿಕೇರಿಯ ಅಂಗಡಿಗೆ ಹೋದದ್ದು ತಿರುಗಿ ಬಾರದಿರಬಹುದು. ಮೂರನೆಯ ಗುಂಪು ಹೆಚ್ಚಾಗಿ ದಾನದ್ದು: ಹಳೆ ವಿದ್ಯಾರ್ಥಿಗಳು, ಬ್ಯಾಂಕು, ಕಂಪನಿಗಳ ಸಾಮಾಜಿಕ ನಿಧಿ. ಅವಕ್ಕೆ ಬಿಲ್ಲು ಇರುವುದಿಲ್ಲ.

ಇಲ್ಲಿಯೇ ಬೆಲೆಯ ಗೊಂದಲ ಹುಟ್ಟುತ್ತದೆ. ದಾನವಾಗಿ ಬಂದದ್ದಕ್ಕೆ ಸೊನ್ನೆ ಬರೆಯಿರಿ, ‘ಮೂಲ’ ಎಂಬ ಅಂಕಣದಲ್ಲಿ ‘ದಾನ’ ಎಂದು ಸೇರಿಸಿ. ಬಿಲ್ಲು ಸಿಗದಿದ್ದರೆ ಬೆಲೆಯ ಮನೆಯನ್ನು ಖಾಲಿ ಬಿಡಿ, ಷರಾ ಅಂಕಣದಲ್ಲಿ ‘ಬಿಲ್ಲು ಲಭ್ಯವಿಲ್ಲ’ ಎನ್ನಿ. ಸೊನ್ನೆಗೂ ಖಾಲಿಗೂ ವ್ಯತ್ಯಾಸ ಕಾಣದ ಪಟ್ಟಿಯಿಂದ ಸರಾಸರಿ ತೆಗೆದವರು ಕಚೇರಿಯವರು ಅಗ್ಗಕ್ಕೆ ಕೊಂಡರೆಂದು ಹೊಗಳುತ್ತಾರೆ.

ಇನ್ನೊಂದು ಸಿಕ್ಕು ‘ಕಂಪ್ಯೂಟರ್ ಸೆಟ್’. ವಹಿಯಲ್ಲಿ ‘ಕಂಪ್ಯೂಟರ್ ಸೆಟ್ – 1’ ಎಂಬ ಒಂದೇ ಸಾಲು, ಒಂದೇ ಮೊತ್ತ. ಕೋಣೆಯಲ್ಲಿ ಸಿಪಿಯು, ಮಾನಿಟರ್, ಪ್ರಿಂಟರ್, ಯುಪಿಎಸ್ ಎಂದು ನಾಲ್ಕು ವಸ್ತು. ಮೊತ್ತವನ್ನು ಅಂದಾಜಿನಲ್ಲಿ ನಾಲ್ಕು ಭಾಗ ಮಾಡುವುದು ತಪ್ಪು. ನಾಲ್ಕೂ ಸಾಲುಗಳಲ್ಲಿ ಪೂರ್ತಿ ಮೊತ್ತ ಬರೆಯುವುದು ಅದಕ್ಕಿಂತ ದೊಡ್ಡ ತಪ್ಪು, ಖರ್ಚು ನಾಲ್ಕು ಪಟ್ಟಾಗಿ ಕಾಣುತ್ತದೆ. ಎರಡು ಹಾಳೆ ಮಾಡಿ. ಒಂದು ಖರೀದಿಯ ಹಾಳೆ: ಖರೀದಿ ಸಂಖ್ಯೆ, ದಿನಾಂಕ, ಮೊತ್ತ, ಅನುದಾನದ ಹೆಸರು, ಖರೀದಿಯ ವಿಧಾನ. ಇನ್ನೊಂದು ವಸ್ತುಗಳ ಹಾಳೆ: ಅಲ್ಲಿ ನಾಲ್ಕು ಸಾಲು, ನಾಲ್ಕಕ್ಕೂ ಒಂದೇ ಖರೀದಿ ಸಂಖ್ಯೆ. ಹಣ ಒಂದು ಕಡೆ, ವಸ್ತು ಒಂದು ಕಡೆ, ನಡುವೆ ಕೊಂಡಿ. ಈ ಒಂದು ಏರ್ಪಾಟು ಅರ್ಧ ತಲೆನೋವನ್ನು ಕಳೆಯುತ್ತದೆ.

‘ಖರೀದಿಯ ವಿಧಾನ’ ಅಂಕಣವನ್ನು ಬಿಟ್ಟುಬಿಡಬೇಡಿ. ಟೆಂಡರ್, ಜೆಮ್ ತಾಣ (ಸರ್ಕಾರಿ ಖರೀದಿಗೆಂದೇ ಇರುವ ಕೇಂದ್ರದ ಜಾಲತಾಣ), ದರಪಟ್ಟಿ, ಇಲ್ಲವೇ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರ ಕಲಂ 4(ಜಿ) ಅಡಿಯ ಟೆಂಡರ್ ವಿನಾಯಿತಿ, ಯಾವುದೋ ಅದನ್ನು ಬರೆಯಿರಿ. ಓದುಗರಲ್ಲಿ ಚುರುಕಾದವರು ಮೊದಲು ನೋಡುವುದು ಇದನ್ನೇ.

ಪೊನ್ನಂಪೇಟೆ ಮತ್ತು ಕುಶಾಲನಗರ ತಾಲ್ಲೂಕಿನವರಿಗೆ ಒಂದು ಮಾತು. ತಾಲ್ಲೂಕು ರಚನೆಗೆ ಮುಂಚಿನ ಖರೀದಿಗಳು ವಿರಾಜಪೇಟೆ, ಸೋಮವಾರಪೇಟೆಯ ವಹಿಗಳಲ್ಲಿವೆ. ‘ಖರೀದಿಸಿದ ತಾಲ್ಲೂಕು’, ‘ಈಗಿರುವ ತಾಲ್ಲೂಕು’ ಎಂದು ಎರಡು ಅಂಕಣ ಇರದಿದ್ದರೆ ಒಂದೇ ಯಂತ್ರ ಎರಡು ತಾಲ್ಲೂಕಿನ ಪಟ್ಟಿಯಲ್ಲೂ ಕಾಣಿಸಿಕೊಳ್ಳುತ್ತದೆ.

ಹಂತ 4: ತಂತ್ರಾಂಶಕ್ಕೆ ಬೇರೆ ಹಾಳೆ

ತಂತ್ರಾಂಶವನ್ನು ಯಂತ್ರದ ಸಾಲಿಗೆ ತುರುಕಬೇಡಿ. ಅದರ ಲೆಕ್ಕವೇ ಬೇರೆ: ಹೆಸರು, ತಯಾರಕರು, ಪರವಾನಗಿಯ ಬಗೆ (ಶಾಶ್ವತ, ವಾರ್ಷಿಕ, ಮುಕ್ತ), ಕೊಂಡ ಸಂಖ್ಯೆ, ನಿಜವಾಗಿ ಬಳಸುತ್ತಿರುವ ಸಂಖ್ಯೆ, ವೆಚ್ಚ, ನವೀಕರಣದ ದಿನಾಂಕ.

ಪದೇ ಪದೇ ಕಾಣುವ ತಪ್ಪು ಎರಡು. ಯಂತ್ರದ ಜೊತೆಯಲ್ಲೇ ಬಂದ ವಿಂಡೋಸ್ ಅನ್ನು ಪ್ರತ್ಯೇಕ ಖರೀದಿಯೆಂದು ಎಣಿಸುವುದು ಒಂದು. ಅದಕ್ಕೆ ‘ಯಂತ್ರದೊಂದಿಗೆ’ ಎಂಬ ಬಗೆ ಇರಲಿ. ಭೂಮಿ, ಇ-ಸ್ವತ್ತು, ಪಂಚತಂತ್ರ, ಕಾವೇರಿ, ಖಜಾನೆ ಮುಂತಾದ ರಾಜ್ಯಮಟ್ಟದ ತಂತ್ರಾಂಶಗಳನ್ನು ತಮ್ಮ ಕಚೇರಿಯ ಆಸ್ತಿಯೆಂದು ಬರೆದುಕೊಳ್ಳುವುದು ಇನ್ನೊಂದು. ಅವುಗಳಿಗೆ ನಿಮ್ಮ ಬಳಿ ಇರುವುದು ಲಾಗಿನ್ ಮಾತ್ರ. ‘ಬಳಸುವ ಸೇವೆಗಳು’ ಎಂಬ ತಲೆಬರಹದಡಿ ಹೆಸರು ಕೊಟ್ಟು ಬಿಡಿ, ವೆಚ್ಚದ ಅಂಕಣ ಖಾಲಿ ಇರಲಿ.

ಪರವಾನಗಿ ಇಲ್ಲದೆ ಹಾಕಿಕೊಂಡ ತಂತ್ರಾಂಶ ಕಂಡರೆ ಏನು ಮಾಡುವುದು ಎಂದು ಪಿಸುಮಾತಿನಲ್ಲಿ ಕೇಳುವವರಿದ್ದಾರೆ. ಪ್ರಕಟಣೆಯನ್ನು ನಿಲ್ಲಿಸಿ, ಮುಖ್ಯಸ್ಥರಿಗೆ ಟಿಪ್ಪಣಿ ಹಾಕಿ, ಅದನ್ನು ತೆಗೆಸಿ ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶ ಹಾಕಿಸಿ. ಆಮೇಲೆ ಪಟ್ಟಿಗೆ ಬನ್ನಿ. ಮುಚ್ಚಿಟ್ಟು ‘ಮುಕ್ತ’ ಎಂದು ಬರೆಯುವುದು ಸುಳ್ಳು ದಾಖಲೆಯಾಗುತ್ತದೆ.

ಹಂತ 5: ಕನ್ನಡ ಅಕ್ಷರಗಳನ್ನು ಸರಿಪಡಿಸಿ

ಅರ್ಧದಷ್ಟು ಪಟ್ಟಿಗಳು ಸಾಯುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಓದಿ.

ಕಡತ ತೆರೆದಾಗ ಕನ್ನಡದ ಬದಲು ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ರಾಶಿ ಕಂಡರೆ ಅದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ, ಮದ್ದೂ ಬೇರೆ. ಅದನ್ನು ಆರಿಸಿ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟ್ ಹಾಕಿ ನೋಡಿ. ಓದಲು ಬಂದರೆ ಅದು ಆಸ್ಕಿ ನುಡಿ, ಅಂದರೆ ಯುನಿಕೋಡ್‌ಗೆ ಮುಂಚಿನ ಹಳೆಯ ಅಕ್ಷರ ಸಂಕೇತ. ಪರಿವರ್ತಕ ಬಳಸಿ ಯುನಿಕೋಡ್‌ಗೆ ತನ್ನಿ. ಫಾಂಟ್ ಹಾಕಿದರೂ ಓದಲು ಬಾರದಿದ್ದರೆ, ಅದೇ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅಲ್ಲಿ ಕನ್ನಡ ಚೆನ್ನಾಗಿ ಕಂಡರೆ ಅಕ್ಷರಗಳು ಕೆಟ್ಟಿಲ್ಲ, ಎಕ್ಸೆಲ್ ತಪ್ಪಾಗಿ ಓದುತ್ತಿದೆ ಅಷ್ಟೆ. ಮೂಲ ಹಾಳೆಯನ್ನು ಸಿಎಸ್‌ವಿಯಾಗಿ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ ಕಡತ) ಉಳಿಸುವಾಗ ಬರಿಯ ‘ಸಿಎಸ್‌ವಿ’ ಬದಲು ‘ಸಿಎಸ್‌ವಿ ಯುಟಿಎಫ್-8’ ಆರಿಸಿ. ಈ ಎರಡನೆಯ ಸಂದರ್ಭದಲ್ಲಿ ಪರಿವರ್ತಕ ಓಡಿಸಿದರೆ ಚೆನ್ನಾಗಿದ್ದ ಕನ್ನಡವೂ ಹಾಳಾಗುತ್ತದೆ.

ಪರಿವರ್ತಕವನ್ನು ಇಡೀ ಹಾಳೆಯ ಮೇಲೆ ಓಡಿಸಲೂ ಕೂಡದು. ಆಸ್ಕಿ ನುಡಿಯಲ್ಲಿ ಕನ್ನಡವೂ ರೋಮನ್ ಅಕ್ಷರಗಳ ಜಾಗದಲ್ಲೇ ಕೂತಿರುವುದರಿಂದ, ಇಂಗ್ಲಿಷಿನಲ್ಲಿ ಬರೆದ ಕಂಪನಿಯ ಹೆಸರು, ಮಾದರಿ ಸಂಖ್ಯೆಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಕನ್ನಡದ ಅಂಕಣಗಳನ್ನು ಮಾತ್ರ ಬೇರೆ ಮಾಡಿ ಪರಿವರ್ತಿಸಿ. ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಿಂದ ನೋಡಿ; ‘ಕರ್ನಾಟಕ’, ‘ನಿರ್ವಹಣೆ’, ‘ಕಾರ್ಯಾಲಯ’ ಈ ಮೂರೂ ನೆಟ್ಟಗಿದ್ದರೆ ಉಳಿದದ್ದೂ ನೆಟ್ಟಗಿರುವ ಸಾಧ್ಯತೆ ಹೆಚ್ಚು.

ಅಂಕಿಗಳನ್ನು 0ರಿಂದ 9ರವರೆಗಿನ ರೂಪದಲ್ಲೇ ಬರೆಯಿರಿ. ‘೨೦೧೯’ ಎಂದು ಬರೆದ ಮನೆಯನ್ನು ಎಕ್ಸೆಲ್ ಸಂಖ್ಯೆಯೆಂದು ಒಪ್ಪುವುದಿಲ್ಲ, ಕೂಡಿಸುವಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕನ್ನಡದ ಅಭಿಮಾನ ತಲೆಬರಹಕ್ಕೆ ಇರಲಿ. ದಿನಾಂಕ ವರ್ಷ-ತಿಂಗಳು-ದಿನ ಎಂಬ ಸಾಲಿನಲ್ಲಿರಲಿ: 2023-05-04. ‘04/05/2023’ ಎಂದರೆ ಏಪ್ರಿಲ್ಲೋ ಮೇ ತಿಂಗಳೋ ಎಂಬ ಜಗಳ ಬೇಡ.

ಊರಿನ ಹೆಸರು ಇನ್ನೊಂದು ಗೋಳು. ‘ವಿರಾಜಪೇಟೆ’, ‘ವೀರಾಜಪೇಟೆ’ ಎರಡೂ ರೂಢಿಯಲ್ಲಿವೆ. ಗೋಣಿಕೊಪ್ಪ, ಗೋಣಿಕೊಪ್ಪಲು, ಗೋಣಿಕೊಪ್ಪಲ್ ಹೀಗೆ ಇನ್ನಷ್ಟು. ಓದುವವರಿಗೆ ಒಂದೇ ಊರು, ಯಂತ್ರಕ್ಕೆ ಬೇರೆ ಬೇರೆ. ಕಣ್ಣಿಗೆ ಕಾಣದ ತೊಂದರೆಯೂ ಇದೆ: ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತಕ್ಷರ ಬಾರದಂತೆ ತಡೆಯುವ ಅಗಲವಿಲ್ಲದ ಅಕ್ಷರ ಒಂದು ಕಡೆ ಇದ್ದು, ಇನ್ನೊಂದು ಕಡೆ ಬರಿಯ ಖಾಲಿ ಜಾಗ ಇದ್ದರೆ ಎರಡೂ ಬೇರೆ ಪದಗಳಾಗುತ್ತವೆ. ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಇಂಥ ಹತ್ತಿರದ ರೂಪಗಳನ್ನು ಗುಂಪು ಮಾಡಿ ತೋರಿಸುತ್ತದೆ. ಅದಕ್ಕಿಂತ ಭದ್ರವಾದ ದಾರಿ, ಹೆಸರಿನ ಪಕ್ಕದಲ್ಲಿ ಸಂಕೇತ ಸಂಖ್ಯೆ ಇಡುವುದು. ಪಂಚಾಯಿತಿಗೆ ಕೇಂದ್ರದ ಸ್ಥಳೀಯ ಸರ್ಕಾರಗಳ ಕೋಶದ ಸಂಕೇತ, ಶಾಲೆಗೆ 11 ಅಂಕಿಗಳ ಯುಡೈಸ್ ಸಂಕೇತ. ಆ ಅಂಕಣವನ್ನು ‘ಪಠ್ಯ’ ಎಂದು ಗುರುತಿಸಿ. ಇಲ್ಲವಾದರೆ ಅಂಕಣ ಕಿರಿದಾಗಿದ್ದಾಗ ಎಕ್ಸೆಲ್ ಅದನ್ನು ಘಾತ ರೂಪಕ್ಕೆ ಕುಗ್ಗಿಸಿ ತೋರಿಸುತ್ತದೆ, ಸಿಎಸ್‌ವಿಯಲ್ಲಿ ಉಳಿಯುವುದೂ ಆ ಕುಗ್ಗಿದ ಸಂಖ್ಯೆಯೇ ಆಗಬಹುದು. ಒಮ್ಮೆ ಹೋದ ಅಂಕಿಗಳು ತಿರುಗಿ ಬಾರವು.

ಹಂತ 6: ಜರಡಿ ಹಿಡಿಯಿರಿ

ಲೆಕ್ಕ ಮುಕ್ತವಾಗಬೇಕು, ಬೀಗದ ಕೈ ಅಲ್ಲ. ಪ್ರಕಟಿಸುವ ಪ್ರತಿಯಲ್ಲಿ ಇವು ಇರಲೇಕೂಡದು: ಯಂತ್ರದ ಸೀರಿಯಲ್ ಸಂಖ್ಯೆ, ಐಪಿ ಮತ್ತು ಮ್ಯಾಕ್ ವಿಳಾಸ, ಪರವಾನಗಿ ಕೀಲಿ, ಲಾಗಿನ್ ಹೆಸರು, ಸಿಸಿಟಿವಿ ಕ್ಯಾಮೆರಾ ಇರುವ ಜಾಗ, ಸಿಬ್ಬಂದಿಯ ಹೆಸರು ಮತ್ತು ಮೊಬೈಲ್ ಸಂಖ್ಯೆ. ಸೀರಿಯಲ್ ಸಂಖ್ಯೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ: ಅದನ್ನು ಹಿಡಿದು ‘ವಾರಂಟಿ ವಿಭಾಗದಿಂದ ಮಾತಾಡುತ್ತಿದ್ದೇವೆ’ ಎಂದು ಕರೆ ಮಾಡಿದರೆ ನಮ್ಮ ಆಪರೇಟರ್‌ಗಳು ನಂಬಿಬಿಡುತ್ತಾರೆ. ಹಂತ 2ರಲ್ಲಿ ಹೊಸ ಗುರುತು ಸಂಖ್ಯೆ ಕೊಟ್ಟದ್ದು ಇದಕ್ಕೇ.

ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿಯ ವಿಷಯದಲ್ಲಿ ತೂಕ ಬೇಕು. ಯಾವ ಪಂಚಾಯಿತಿಯಲ್ಲಿ ವಿಂಡೋಸ್ 7 ಇನ್ನೂ ಓಡುತ್ತಿದೆ ಎಂದು ಕಚೇರಿಯ ಹೆಸರಿನ ಸಮೇತ ಹೇಳುವುದು ಕಳ್ಳನಿಗೆ ದಾರಿ ತೋರಿಸಿದಂತೆ. ಮುಚ್ಚಿಟ್ಟರೆ ಬದಲಾವಣೆಗೆ ಹಣ ಕೇಳಲು ಆಧಾರವೇ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ತಾಲ್ಲೂಕು ಮಟ್ಟದ ಒಟ್ಟು ಸಂಖ್ಯೆ ಕೊಡುವುದು ಸರಿ: ಇಷ್ಟು ಯಂತ್ರಗಳಿಗೆ ಬೆಂಬಲ ಮುಗಿದಿದೆ, ಇಷ್ಟಕ್ಕೆ ಇದೆ. ಕಚೇರಿವಾರು ವಿವರ ಒಳ ಹಾಳೆಯಲ್ಲಿರಲಿ. ಒಂದೇ ಯಂತ್ರವಿರುವ ಕಚೇರಿಗಳಿರುವಲ್ಲಿ ಹೋಬಳಿ ಮಟ್ಟದ ಸಂಖ್ಯೆಯೂ ಗುಟ್ಟನ್ನು ಬಿಟ್ಟುಕೊಡಬಹುದು, ಆದ್ದರಿಂದ ತಾಲ್ಲೂಕು ಮಟ್ಟಕ್ಕಿಂತ ಕೆಳಗಿಳಿಯಬೇಡಿ.

ಕಾಯ್ದೆಯ ಬಲವೂ ಇಲ್ಲಿ ಬೇಕಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ಕಲಮನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿ, ಮಾಹಿತಿ ಕೊಡದಿರಲು ಇರುವ ವಿನಾಯಿತಿಯನ್ನು ಹಿಗ್ಗಿಸಿದೆ. ಆದರೆ ಖಜಾನೆಯಿಂದ ಎಷ್ಟು ಹಣ ಹೋಯಿತು ಎಂಬುದು ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಈ ಕಲಮನ್ನು ಮುಂದಿಟ್ಟು ಬೆಲೆಯನ್ನು ಅಳಿಸಲು ಹೊರಟವರಿಗೆ ಹಾಗೆಂದೇ ಹೇಳಿ.

ಮರೆಮಾಡಿದ ಅಂಕಣ ಅಳಿಸಿದ ಅಂಕಣವಲ್ಲ. ಎಕ್ಸೆಲ್‌ನಲ್ಲಿ ‘ಹೈಡ್’ ಮಾಡಿದ ಅಂಕಣ ಸಿಎಸ್‌ವಿಗೆ ಉಳಿಸಿದಾಗ ಪೂರ್ತಿಯಾಗಿ ಹೊರಬರುತ್ತದೆ. ಪಿಡಿಎಫ್ ಮೇಲೆ ಎಳೆದ ಕಪ್ಪು ಪಟ್ಟಿಯ ಕೆಳಗಿನ ಅಕ್ಷರಗಳನ್ನು ನಕಲು ಮಾಡಿ ಅಂಟಿಸಿದರೆ ಓದಬಹುದು. ಒಳ ಪ್ರತಿಯನ್ನು ಹಾಗೆಯೇ ಬಿಟ್ಟು, ಹೊಸ ಹಾಳೆಯೊಂದಕ್ಕೆ ಬೇಕಾದ ಅಂಕಣಗಳನ್ನು ಮಾತ್ರ ನಕಲು ಮಾಡಿ. ಸಿಎಸ್‌ವಿ ಆದ ಮೇಲೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲನ್ನು ಗಟ್ಟಿಯಾಗಿ ಓದಿ. ಇರಬಾರದ ತಲೆಬರಹ ಕಿವಿಗೆ ಬಿದ್ದೇ ಬೀಳುತ್ತದೆ.

ಹಂತ 7: ಪ್ರಕಟಿಸಿ

ಸಿಎಸ್‌ವಿ ಕಡತಗಳ ಜೊತೆಗೆ ಒಂದು ಪುಟದ ವಿವರಣೆ ಇರಲಿ: ಪ್ರತಿ ಅಂಕಣದ ಅರ್ಥ, ಭೌತಿಕ ಪರಿಶೀಲನೆಯ ದಿನಾಂಕ, ಬಿಟ್ಟಿರುವ ಅಂಕಣಗಳು ಮತ್ತು ಕಾರಣ, ತಪ್ಪು ತಿಳಿಸಲು ಕಚೇರಿಯ ಇಮೇಲ್. ಬಳಕೆಯ ಷರತ್ತಿಗೆ 2017ರ ಭಾರತ ಸರ್ಕಾರದ ಮುಕ್ತ ದತ್ತಾಂಶ ಪರವಾನಗಿಯ ಮಾದರಿ ಸಾಕು. ಮೂಲವನ್ನು ಹೆಸರಿಸಿದರೆ ಯಾರಾದರೂ, ವ್ಯಾಪಾರಕ್ಕೂ ಸೇರಿ, ಬಳಸಬಹುದು. ಮೊದಲು ನಿಮ್ಮ ಇಲಾಖೆಯ ಅಥವಾ ಜಿಲ್ಲೆಯ ಅಧಿಕೃತ ಜಾಲತಾಣದಲ್ಲಿ ಹಾಕಿ. ರಾಷ್ಟ್ರೀಯ ಮುಕ್ತ ದತ್ತಾಂಶ ತಾಣಕ್ಕೆ ಹೋಗುವುದಿದ್ದರೆ ಇಲಾಖೆ ನೇಮಿಸಿದ ದತ್ತಾಂಶ ಅಧಿಕಾರಿಯ ಮೂಲಕವೇ ಹೋಗಬೇಕು. ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ್ದು ಪ್ರಕಟಣೆಯಲ್ಲ.

ಹಂತ 8: ಕಚೇರಿಯವರು ಮಾಡದಿದ್ದರೆ

ಹೊರಗಿನಿಂದ ಕೇಳುವವರು ಮಾಹಿತಿ ಹಕ್ಕಿನ ಕಲಂ 6(1)ರಡಿ ಅರ್ಜಿ ಹಾಕಬೇಕು, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಯಂತ್ರ, ತಂತ್ರಾಂಶ, ನಿರ್ವಹಣಾ ಒಪ್ಪಂದ, ಇಂಟರ್ನೆಟ್ ಬಿಲ್ಲು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಿ ಹಿಂದಿರುಗಿಸಿಕೊಂಡವರು ಬಹಳ ಮಂದಿ. ‘ಏಕೆ ಖರೀದಿಸಿದಿರಿ’ ಎಂದು ಪ್ರಶ್ನೆ ಹಾಕಬೇಡಿ, ದಾಖಲೆ ಕೇಳಿ: ‘ದಾಸ್ತಾನು ವಹಿಯ ಕಂಪ್ಯೂಟರ್ ಪುಟಗಳ ಪ್ರತಿ, ಸಂಬಂಧಿಸಿದ ಸರಬರಾಜು ಆದೇಶಗಳ ಪ್ರತಿ’. ವಿದ್ಯುನ್ಮಾನ ರೂಪದಲ್ಲಿ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ; ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕೆಂದು ಕಲಂ 7(9) ಹೇಳುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಪ್ರಥಮ ಮೇಲ್ಮನವಿ, ಅದಾದ ಮೇಲೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ.

ಹಂತ 9: ತಿದ್ದುಪಡಿ ಮತ್ತು ವಿಲೇವಾರಿ

ಪಟ್ಟಿ ಪ್ರಕಟವಾದ ವಾರದಲ್ಲೇ ಪತ್ರ ಬರುತ್ತದೆ: ‘ನಮ್ಮ ಶಾಲೆಯಲ್ಲಿ ಐದಲ್ಲ, ಮೂರೇ ಇವೆ’. ಇದು ಪಟ್ಟಿಯನ್ನು ಯಾರೋ ಓದುತ್ತಿದ್ದಾರೆ ಎಂಬ ಸುದ್ದಿ, ಗಾಬರಿ ಬೇಡ. ಸ್ಥಳಕ್ಕೆ ಹೋಗಿ ನೋಡಿ, ತಿದ್ದಿ, ಹೊಸ ದಿನಾಂಕದ ಹೆಸರಿನಲ್ಲಿ ಹೊಸ ಕಡತ ಏರಿಸಿ. ಹಳೆಯದನ್ನು ಅಳಿಸಬೇಡಿ, ಅಳಿಸಿದರೆ ಏನು ಬದಲಾಯಿತೆಂದು ಯಾರಿಗೂ ಗೊತ್ತಾಗದು, ಅನುಮಾನ ಮಾತ್ರ ಉಳಿಯುತ್ತದೆ.

ಕೆಟ್ಟ ಯಂತ್ರ ವಿಲೇವಾರಿಯಾದಾಗ ಅದರ ಸಾಲನ್ನು ತೆಗೆಯದೆ ಸ್ಥಿತಿಯನ್ನು ‘ವಿಲೇವಾರಿ’ ಎಂದು ಬದಲಿಸಿ, ದಿನಾಂಕ ಸೇರಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಇಂಥ ಸಾಮಾನು ನೋಂದಾಯಿತ ಮರುಬಳಕೆ ಘಟಕಕ್ಕೆ ಸೇರಬೇಕು, ಸಂತೆಯ ಗುಜರಿಗಲ್ಲ. ಸಾಗಿಸುವ ಮುನ್ನ ಹಾರ್ಡ್ ಡಿಸ್ಕ್ ತೆಗೆಸಿ ಪೂರ್ತಿ ಅಳಿಸಿ, ಅಳಿಸಿದವರ ಸಹಿಯನ್ನು ಕಡತದಲ್ಲಿಡಿ. ಫಲಾನುಭವಿಗಳ ಆಧಾರ್ ಪ್ರತಿಗಳು ಆ ಡಿಸ್ಕಿನಲ್ಲೇ ಇರುತ್ತವೆ.